ಮಿನ್ನೆಸೋಟದ ಚಳಿಗೆ ಫೈಬರ್‌ಗ್ಲಾಸ್ ಈಜುಕೊಳ ತಾಳುತ್ತದೆಯೇ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನಲ್ಲಿದ್ದೇವೆ. ಹಿತ್ತಲಿನಲ್ಲಿ ಫೈಬರ್‌ಗ್ಲಾಸ್ ಈಜುಕೊಳ ಕೂರಿಸುವ ಆಸೆ. ನೀರು ಹೆಪ್ಪುಗಟ್ಟಿದರೆ ಕೊಳ ಬಿರಿಯುವುದಿಲ್ಲವೇ? ಚಳಿಗಾಲಕ್ಕೆ ಮುಂಚೆ ಖಾಲಿ ಮಾಡಿಬಿಡಬೇಕೇ?

ಉತ್ತರ: ಧೈರ್ಯವಾಗಿ ಕೂರಿಸಿ. ಖಾಲಿ ಮಾತ್ರ ಮಾಡಬೇಡಿ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿ ಸೀಳುತ್ತದೆ. ಪ್ಲಾಸ್ಟಿಕ್ ಬಾಟಲಿ ಉಬ್ಬಿ ಸುಮ್ಮನಾಗುತ್ತದೆ. ಗಾಜಿನ ಎಳೆಗಳನ್ನು ರಾಳದಲ್ಲಿ ಬೆಸೆದ ಫೈಬರ್‌ಗ್ಲಾಸ್ ತೊಟ್ಟಿ, ಹೆಸರಿನಲ್ಲಿ ಗಾಜಿದ್ದರೂ, ಎರಡನೆಯ ಜಾತಿಯದು. ಒತ್ತಡಕ್ಕೆ ತುಸು ಬಾಗುತ್ತದೆ. ಕಾಂಕ್ರೀಟ್ ಕೊಳದ ಗಾರೆಯಾದರೋ ನೀರು ಕುಡಿಯುತ್ತದೆ. ಕುಡಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಚಕ್ಕೆ ಏಳುತ್ತದೆ, ಅಂಚಿನ ಟೈಲ್‌ಗಳು ಉದುರುತ್ತವೆ.

ತುಂಬಿದ ನೀರೇ ತೊಟ್ಟಿಯನ್ನು ಅದುಮಿ ಹಿಡಿದಿರುತ್ತದೆ. ಖಾಲಿ ಮಾಡಿದರೆ, ಹಿಮ ಕರಗಿ ಅಂತರ್ಜಲ ಏರಿದಾಗ ಇಡೀ ತೊಟ್ಟಿ ದೋಣಿಯಂತೆ ಮೇಲೇಳಬಹುದು, ಗೋಡೆ ಒಳಕ್ಕೆ ಉಬ್ಬಬಹುದು. ಈ ಒಂದು ತಪ್ಪಿಗೆ ರಿಪೇರಿ ಬಲು ದುಬಾರಿ.

ಚಳಿಗೆ ಮೊದಲು ಬಲಿಯಾಗುವುದು ಪೈಪುಗಳು. ನೀರನ್ನು ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳಲು ಕೊಳದ ಗೋಡೆಯಲ್ಲಿರುವ ಕಿಂಡಿ) ಬಾಯಿಗಿಂತ ಕೆಳಕ್ಕೆ ಇಳಿಸಿ, ಪೈಪುಗಳಿಗೆ ಗಾಳಿ ಊದಿ ಒಣಗಿಸಿ, ಬಿರಡೆ ಹಾಕಿ, ಮೇಲೆ ಹೊದಿಕೆ ಎಳೆಯಬೇಕು. ಪೈಪಿಗೆ ಆ್ಯಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಹಾಕುವುದಾದರೆ ಈಜುಕೊಳಕ್ಕೆಂದೇ ಮಾರುವುದನ್ನು ಹಾಕಿ. ಕಾರಿನದು ಸಾಮಾನ್ಯವಾಗಿ ವಿಷ. ಸ್ಕಿಮ್ಮರ್ ಒಳಗೊಂದು ಪ್ಲಾಸ್ಟಿಕ್ ಬಾಟಲಿ ಇಡುವುದು ಅಲ್ಲಿನ ರೂಢಿ. ಹಿಗ್ಗುವ ಮಂಜುಗಡ್ಡೆ ಸ್ಕಿಮ್ಮರನ್ನು ಸೀಳುವ ಬದಲು ಆ ಬಾಟಲಿಯನ್ನು ಹಿಂಡುತ್ತದೆ. ವಸಂತದಲ್ಲಿ ಅದು ನಜ್ಜುಗುಜ್ಜಾಗಿ ಹೊರಬಂದರೆ ತನ್ನ ಕೆಲಸ ಮಾಡಿದೆಯೆಂದೇ ಅರ್ಥ.

ಆದರೂ ನನ್ನ ನಿಜವಾದ ಆತಂಕ ತೊಟ್ಟಿಯದಲ್ಲ, ಅದರ ಸುತ್ತಲಿನ ಮಣ್ಣಿನದು. ನಿಮ್ಮೂರೂ ಸೇರಿದ ದಕ್ಷಿಣ ಮಿನ್ನೆಸೋಟದಲ್ಲಿ ಮನೆಯ ತಳಪಾಯವನ್ನೇ ಮೂರೂವರೆ ಅಡಿ ಆಳಕ್ಕೆ ಇಳಿಸಬೇಕೆಂಬ ನಿಯಮವಿದೆ, ನೆಲ ಅಷ್ಟು ಆಳದವರೆಗೆ ಗಡ್ಡೆಕಟ್ಟುತ್ತದೆಂಬ ಲೆಕ್ಕದಲ್ಲಿ. ನೀರು ಹಿಡಿದಿಟ್ಟುಕೊಳ್ಳುವ ಜೇಡಿಮಣ್ಣು ಗಡ್ಡೆಕಟ್ಟಿದರೆ ಉಬ್ಬಿ ಅಂಚಿನ ಕಲ್ಲುಹಾಸನ್ನು ಎತ್ತುತ್ತದೆ, ತೊಟ್ಟಿಯನ್ನು ಒತ್ತುತ್ತದೆ. ತೊಟ್ಟಿಯ ಸುತ್ತ ಒಡೆದ ಜಲ್ಲಿ ತುಂಬಿದರೆ ನೀರು ನಿಲ್ಲದೆ ಬಸಿದುಹೋಗುತ್ತದೆ. ನೀರಿಲ್ಲದಲ್ಲಿ ಉಬ್ಬುವುದಕ್ಕೆ ಏನೂ ಇರುವುದಿಲ್ಲ.

ಗುತ್ತಿಗೆದಾರರು ತೊಟ್ಟಿಯ ಬಣ್ಣಗಳನ್ನು ತೋರಿಸಲು ಶುರುಮಾಡುವ ಮೊದಲೇ ಕೇಳಿಬಿಡಿ: ಸುತ್ತ ಏನು ತುಂಬುತ್ತೀರಿ? "ಅಗೆದ ಮಣ್ಣನ್ನೇ" ಎಂದರೆ, ದಯವಿಟ್ಟು ಬೇರೆಯವರನ್ನು ಹುಡುಕಿ.