ಓದುಗರ ಪ್ರಶ್ನೆ: ‘ನಮಗೂ ಇದೇ ಫೋಟೊ ಬೇಕು’ ಎನ್ನುವ ಮದುವೆ ಪಾರ್ಟಿಗೆ ಏನು ಹೇಳುವುದು?

ಪ್ರಶ್ನೆ: ನಾನು ಮದುವೆ ಫೋಟೊಗ್ರಾಫರ್. ಆರ್ಡರ್ ಕೊಡುವಾಗಲೇ ಪಾರ್ಟಿಯವರು (ಗಿರಾಕಿಗಳು) ಬೇರೆ ಯಾರೋ ತೆಗೆದ ಫೋಟೊಗಳನ್ನು ವಾಟ್ಸಾಪ್ ಮಾಡಿ ‘ನಮಗೂ ಇದೇ ಬೇಕು’ ಎನ್ನುತ್ತಾರೆ. ಆಗುವುದಿಲ್ಲ ಎಂದರೆ ಆರ್ಡರ್ ಕೈತಪ್ಪುತ್ತದೆ, ಆಗುತ್ತದೆ ಎಂದರೆ ಆಲ್ಬಂ ಕೊಡುವ ದಿನ ಜಗಳ. ಏನು ಮಾಡಬೇಕು?

ಉತ್ತರ: ತುಳುನಾಡಿನ ಮಳೆಗಾಲದ ಆಟಿ ತಿಂಗಳಿನಲ್ಲಿ ಮದುವೆಗಳಿಲ್ಲ, ನಮ್ಮ ಕಸುಬಿನವರಿಗೆ ಪ್ರಶ್ನೆ ಕೇಳಲು ಪುರುಸೊತ್ತಾಗುವುದೂ ಆಗಲೇ. ಕುಂದಾಪುರದಿಂದ ಉಳ್ಳಾಲದವರೆಗಿನ ಹುಡುಗರು ವರ್ಷವೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಈ ಸಲ ಬರೆದಿಡುತ್ತೇನೆ. ಮುಂದಿನ ಆಟಿಗೆ ಇದನ್ನೇ ಕಳುಹಿಸಿದರಾಯಿತು.

ಚಿಕ್ಕ ಉತ್ತರ ಇಷ್ಟೆ: ಮಾದರಿ ಎಂದು ಒಪ್ಪಿಕೊಳ್ಳಿ, ತದ್ರೂಪ ಕೊಡುತ್ತೇನೆಂದು ಬಾಯಿ ತಪ್ಪಿಯೂ ಹೇಳಬೇಡಿ. ಮೂರಕ್ಕಿಂತ ಹೆಚ್ಚು ಫೋಟೊ ಕಳುಹಿಸಬೇಡಿ ಎಂದು ಮೊದಲೇ ಹೇಳಿ. ನಲವತ್ತು ಕಳುಹಿಸುವವರಿಗೆ ತಮಗೇನು ಬೇಕೆಂದು ಇನ್ನೂ ಗೊತ್ತಾಗಿಲ್ಲ ಎಂದೇ ಅರ್ಥ. ಆಮೇಲೆ ಒಂದೊಂದನ್ನೂ ತೋರಿಸಿ, ‘ಇದರಲ್ಲಿ ನಿಮಗೆ ಹಿಡಿಸಿದ್ದು ಯಾವುದು?’ ಎಂದು ಕೇಳಿ. ಬ್ರಹ್ಮಾವರ ಕಡೆಯ ಮದುಮಗಳೊಬ್ಬಳು ಮಳೆಯಲ್ಲಿ ಕೊಡೆ ಹಿಡಿದ ಜೋಡಿಯ ಫೋಟೊ ತಂದಿದ್ದಳು. ಮದುವೆ ಇದ್ದದ್ದು ಫೆಬ್ರವರಿಯಲ್ಲಿ. ಮಳೆ ಎಲ್ಲಿಂದ ತರುವುದು ಎಂದು ವಾದಕ್ಕಿಳಿಯದೆ, ಹಿಡಿಸಿದ್ದು ಯಾವುದೆಂದು ಕೇಳಿದೆ. ‘ಅವಳು ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ ಅಣ್ಣ, ಆದರೂ ಚೆನ್ನಾಗಿ ಕಾಣುತ್ತಾಳೆ. ನನ್ನ ಫೋಟೊಗಳಲ್ಲೆಲ್ಲ ನಾನು ಬಾಯಿ ಬಿಗಿದುಕೊಂಡೇ ಇರುತ್ತೇನೆ’ ಎಂದಳು. ಮಳೆಯೂ ಬೇಕಿರಲಿಲ್ಲ, ಕೊಡೆಯೂ ಬೇಕಿರಲಿಲ್ಲ. ಅವಳ ತಮ್ಮನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ, ಉಳಿದ ಕೆಲಸ ಅವನ ಕೀಟಲೆಯೇ ಮಾಡಿತು.

ಇನ್ನು ಎಷ್ಟು ಸಲ ಹೂತರೂ ಎದ್ದು ಬರುವ ಆ ನಂಬಿಕೆಯ ವಿಷಯ: ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಪ್ರಿಸೆಟ್ (ಫೋಟೊದ ಬಣ್ಣ ತಿದ್ದಲು ಮೊದಲೇ ಹೊಂದಿಸಿಟ್ಟ ಅಂಕಿಗಳು) ಇದ್ದರೆ ಅದೇ ಫೋಟೊ ಬರುತ್ತದೆ ಎಂಬುದು. ಪಾರ್ಟಿಯವರು ನಂಬಿದರೆ ಕ್ಷಮಿಸಬಹುದು. ಫೋಟೊಗ್ರಾಫರುಗಳೇ ನಂಬಿ, ಸಾಲ ಮಾಡಿ ಲೆನ್ಸ್ ಕೊಳ್ಳುತ್ತಾರಲ್ಲ, ಅದಕ್ಕೇನು ಹೇಳುವುದು ಮಾರಾಯರೇ! ಪಕ್ಕದ ಮನೆಯ ಕಾವಲಿ ತಂದ ಮಾತ್ರಕ್ಕೆ ಅವರ ನೀರುದೋಸೆ ನಮ್ಮ ಮನೆಯಲ್ಲಿ ಏಳುವುದಿಲ್ಲ.

ಮೊದಲು ಸೂರ್ಯನನ್ನು ನೋಡಿ. ಮಲ್ಪೆ, ಕಾಪು, ಪಣಂಬೂರು, ಸೋಮೇಶ್ವರ, ಎಲ್ಲಿಗೆ ಹೋದರೂ ನಮ್ಮ ಕಡಲು ಇರುವುದು ಪಡುವಣಕ್ಕೆ. ಸಂಜೆ ಜೋಡಿಯನ್ನು ನೀರಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಸೂರ್ಯ ಅವರ ಹಿಂದೆ. ಆಕಾಶಕ್ಕೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಇಟ್ಟರೆ ಮುಖ ಕಪ್ಪು, ಮುಖಕ್ಕೆ ಇಟ್ಟರೆ ಆಕಾಶ ಬಿಳಿಚಿಕೊಳ್ಳುತ್ತದೆ. ಫ್ಲಾಶ್ ಹಾಕಿ ಸರಿದೂಗಿಸಬಹುದು, ಆದರೆ ಅದು ಬೇರೆಯೇ ಬಗೆಯ ಫೋಟೊ. ಪಾರ್ಟಿಯವರು ತೋರಿಸುವುದರಲ್ಲಿ ಮುಖದ ಮೇಲೆ ಹೊಂಬೆಳಕು, ಹಿಂದೆ ನೀಲಿ ಕಡಲು. ಅದನ್ನು ಪುದುಚೇರಿಯಲ್ಲೋ ಪುರಿಯಲ್ಲೋ ಸಂಜೆ ತೆಗೆದಿರಬೇಕು, ಇಲ್ಲವೇ ನಮ್ಮಂಥ ಪಡುಗಡಲಿನ ತೀರದಲ್ಲಿ ಬೆಳಿಗ್ಗೆ ತೆಗೆದಿರಬೇಕು. ಅಂದರೆ ಮದುಮಗಳು ನಸುಕಿಗೇ ಎದ್ದು, ಮೇಕಪ್ ಮುಗಿಸಿ, ಏಳೂವರೆಯೊಳಗೆ ಕಾಪುವಿನ ದೀಪಸ್ತಂಭದ ಬುಡದಲ್ಲಿ ಇರಬೇಕು. 1901ರಲ್ಲಿ ಕಟ್ಟಿದ ಆ ದೀಪಸ್ತಂಭಕ್ಕೂ ಅದು ನಿಂತ ಬಂಡೆಗೂ ತೆಂಗಿನ ಮರಗಳ ಮೇಲಿಂದ ಬರುವ ಎಳೆಬಿಸಿಲು ಬೀಳುವುದನ್ನು ನೋಡಿದವರು ಕಡಿಮೆ. ಊರಿನವರೆಲ್ಲ ಅಲ್ಲಿಗೆ ಹೋಗುವುದು ಸಂಜೆ, ಚುರುಮುರಿ ತಿನ್ನಲು. ಇಷ್ಟು ವಿವರಿಸಿದರೆ ಹೆಚ್ಚಿನ ಜೋಡಿಗಳು ‘ಅಷ್ಟು ಬೇಗ ಏಳಬೇಕೇ?’ ಎನ್ನುತ್ತವೆ. ಅಲ್ಲಿಗೆ ಆಸೆ ಅರ್ಧ ಇಳಿಯುತ್ತದೆ. ಇಷ್ಟೂ ಮಾತಿನಲ್ಲಿ ಕ್ಯಾಮೆರಾದ ಹೆಸರು ಒಮ್ಮೆಯೂ ಬರಲಿಲ್ಲ, ಗಮನಿಸಿ.

ಇನ್ನೊಂದು ಉದಾಹರಣೆ. 2018ರ ನವೆಂಬರಿನಲ್ಲಿ ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಇಟಲಿಯ ಕೋಮೊ ಸರೋವರದ ದಡದಲ್ಲಿ ಮದುವೆಯಾದರು. ಕೊಂಕಣಿ ಸಂಪ್ರದಾಯದ ಶಾಸ್ತ್ರ, ಅದರ ಮೇಲೆ ಪಡುಕೋಣೆ ನಮ್ಮದೇ ಉಡುಪಿ ಜಿಲ್ಲೆಯ ಊರು. ಕೇಳಬೇಕೇ? ಆಮೇಲಿನ ಸೀಸನ್‌ಗಳಲ್ಲಿ ಬಂದವರ ಮೊಬೈಲಿನಲ್ಲೆಲ್ಲ ಅವೇ ಫೋಟೊಗಳು. ಕೋಮೊ ಇರುವುದು 46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರ್ ಮಧ್ಯದಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 26 ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವಿಡೀ ಬೆಳಕು ಓರೆಯಾಗಿ ಬಂದು ಮುಖಕ್ಕೆ ಬೀಳುತ್ತದೆ. ಉಡುಪಿ ಇರುವುದು 13 ಡಿಗ್ರಿ ಚಿಲ್ಲರೆಯಲ್ಲಿ. ಅದೇ ದಿನ ಇಲ್ಲಿನ ಮಧ್ಯಾಹ್ನದ ಸೂರ್ಯ 58 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದಾದರೂ ನವೆಂಬರ್. ನಮ್ಮ ಮದುವೆಗಳ ಭರಾಟೆ ಏಪ್ರಿಲ್, ಮೇ ತಿಂಗಳಿನದು, ಮತ್ತು ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಉಡುಪಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಧಾರೆ ಮುಗಿಸಿ, ಊಟಕ್ಕೆ ಮೊದಲು ‘ಹೊರಗೆ ಒಂದು ನಾಲ್ಕು ಫೋಟೊ’ ಎಂದು ನಿಲ್ಲಿಸಿದರೆ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು, ಮದುಮಗನಿಗೆ ಇಲ್ಲದ ಮೀಸೆ ಬರುತ್ತದೆ. ಸಂಜೆಗೆ ಕಾಯೋಣವೆಂದರೆ ಇಲ್ಲಿ ಸೂರ್ಯ ನೆಟ್ಟಗೆ ಜಾರುತ್ತಾನೆ. ಕೊನೆಯ ಆರು ಡಿಗ್ರಿ ಇಳಿಯಲು ಸುಮಾರು 25 ನಿಮಿಷ. ಕೋಮೊದಲ್ಲಿ ಆ ನವೆಂಬರಿನಲ್ಲಿ ಅಷ್ಟೇ ಇಳಿಯಲು ಒಂದೂವರೆ ಪಟ್ಟು ಹೊತ್ತು ಬೇಕು. ಆ 25 ನಿಮಿಷದಲ್ಲಿ ಸೀರೆಯ ನೆರಿಗೆ ಸರಿಮಾಡಲು ಚಿಕ್ಕಮ್ಮ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ.

ಲೆನ್ಸ್ ಕೊಂಡವರ ಕಥೆಗೆ ಬನ್ನಿ. ಹಿನ್ನೆಲೆ ಮಸುಕಾಗಿ ಕರಗಿಹೋದ, ತಲೆಯಿಂದ ಕಾಲಿನವರೆಗೆ ಮದುಮಗಳು ನಿಂತ ಫೋಟೊ ಎಲ್ಲರಿಗೂ ಬೇಕು. ಅದಕ್ಕೆ 85 ಮಿಲಿಮೀಟರ್ ಲೆನ್ಸ್ ಬೇಕೆಂದು ಯಾರೋ ಹೇಳಿರುತ್ತಾರೆ. ಸುಳ್ಳಲ್ಲ. ಆದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಆ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ನಿಂತವಳನ್ನು ಪೂರ್ತಿ ಹಿಡಿಸಬೇಕಾದರೆ ಸುಮಾರು ಐದು ಮೀಟರ್ ಹಿಂದೆ ಸರಿಯಬೇಕು. ಅವಳ ಹಿಂದೆಯೂ ಅಷ್ಟೇ ಜಾಗ ಖಾಲಿ ಇರಬೇಕು. ನಮ್ಮ ಹಾಲ್‌ಗಳಲ್ಲಿ ಮದುಮಗಳಿಗೆ ಕೊಡುವ ಕೋಣೆಯಲ್ಲಿ ಐದು ಮೀಟರ್ ಹಿಂದೆ ಹೋದರೆ ನೀವು ಗೋಡೆಯ ಆಚೆ, ಬಾಳೆಲೆ ಹಾಸುವಲ್ಲಿ ಇರುತ್ತೀರಿ. ಕೋಣೆಯೊಳಗೆ ಸೋದರತ್ತೆಯರು, ಬಾಯಿ ತೆರೆದ ಸೂಟ್‌ಕೇಸುಗಳು, ಮಲ್ಲಿಗೆಯ ಅಟ್ಟೆ (ಪೋಣಿಸಿದ ಹೂವಿನ ಕಟ್ಟು) ಸುತ್ತಿ ತಂದ ಬಾಳೆಲೆ, ಚಾರ್ಜಿಗೆ ಹಾಕಿದ ಮೊಬೈಲುಗಳು. ಮಾದರಿ ಫೋಟೊದ ಕೋಣೆಯಲ್ಲಿ ಆಳೆತ್ತರದ ಕಿಟಕಿ, ಬಿಳಿ ಪರದೆ, ಒಬ್ಬಳೇ ಹುಡುಗಿ. ವ್ಯತ್ಯಾಸ ಲೆನ್ಸಿನದಲ್ಲ, ಕೋಣೆಯ ಬಾಡಿಗೆಯದು.

ಸ್ಟೇಜಿನ ಮೇಲೆ ಇನ್ನೊಂದು ಪಾಡು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡ್ ಬಿಟ್ಟು ಏರಿಸಿದರೆ ಫೋಟೊದ ಮೇಲೆ ಅಡ್ಡಪಟ್ಟೆಗಳಾಗಿ ಕಾಣುತ್ತದೆ. ಹಾಗಾಗಿ ಹಾಲ್‌ನ ದೀಪಗಳನ್ನು ಹಿಂದಿನ ದಿನವೇ ಹೋಗಿ ಒಮ್ಮೆ ನೋಡಿಬನ್ನಿ.

ಪ್ರಿಸೆಟ್ ಬಗ್ಗೆ ಒಂದೇ ಮಾತು ಸಾಕು, ಆದರೆ ಎರಡು ಹೇಳುತ್ತೇನೆ. ಪ್ರಿಸೆಟ್ ಎಂದರೆ ಇನ್ನೊಬ್ಬರು ತಮ್ಮ ಫೋಟೊದ ಬೆಳಕಿಗೆ ತಕ್ಕಂತೆ ತಿರುಗಿಸಿಟ್ಟ ಒಂದಿಷ್ಟು ಅಂಕಿಗಳು. ಕಂದುಬಣ್ಣ ಕೊಡುವ ಪ್ರಿಸೆಟ್ ಹಾಕಿದರೆ ನಮ್ಮ ಗದ್ದೆ, ತೋಟದ ಹಸಿರು ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನಾದರೂ ಸಹಿಸಬಹುದು, ಜಡೆಯ ಮೇಲಿನ ಶಂಕರಪುರ ಮಲ್ಲಿಗೆ ಹಳದಿಯಾಗುತ್ತದೆ. ಸೀಸನ್‌ನಲ್ಲಿ ಹೇಳಿದಷ್ಟು ದುಡ್ಡು ಕೊಟ್ಟು ಅಟ್ಟೆಗಟ್ಟಲೆ ತಂದ ಹೂವು ಆಲ್ಬಂನಲ್ಲಿ ಹಳದಿ ಕಂಡರೆ ಮದುಮಗಳ ತಾಯಿ ಮೊದಲು ಕೇಳುವ ಮಾತು, ‘ಇದೇನು, ಬಾಡಿದ ಮಲ್ಲಿಗೆ ಮುಡಿಸಿದ ಹಾಗೆ ಕಾಣುತ್ತದಲ್ಲ?’ ಅವರಿಗೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ) ಪಾಠ ಮಾಡಲು ಹೋಗಬೇಡಿ. ಅವರು ಹೇಳಿದ್ದು ಸರಿ.

ಹಾಗಾದರೆ ಮಾದರಿ ಫೋಟೊಗಳೆಲ್ಲ ವ್ಯರ್ಥವೇ ಎಂದು ಕೇಳಬೇಡಿ. ನಿಲ್ಲಿಸಿ ತೆಗೆಯುವ ಫೋಟೊಗಳಿಗೆ ಅವು ಒಳ್ಳೆಯ ದಾರಿ. ಐಸ್‌ಲ್ಯಾಂಡಿನ ಕಂಬದಂಥ ಬಂಡೆಗಳ ಮುಂದೆ ನಿಂತ ಜೋಡಿಯನ್ನು ತೋರಿಸಿದರೆ, ಮಲ್ಪೆಯಿಂದ ದೋಣಿಯಲ್ಲಿ ಹೋಗುವಷ್ಟು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪವಿದೆ ಎಂದು ನೆನಪಿಸಿ. ಲಾವಾ ತಣಿದು ಬಿರಿದು ಆದ ಅದೇ ಬಗೆಯ ಕಂಬಗಳು ಅಲ್ಲಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಅದನ್ನೂ ಹೇಳಿ.

ಆದರೆ ಶಾಸ್ತ್ರದ ಹೊತ್ತಿನಲ್ಲಿ ಮಾದರಿ ಇಟ್ಟುಕೊಂಡು ಕೆಲಸ ಮಾಡಬೇಡಿ. ಗಿಂಡಿಯಿಂದ ನೀರು ಬೀಳುವ ಧಾರೆಯ ಫೋಟೊ ಎಲ್ಲರಿಗೂ ಬೇಕು. ಮಾದರಿಯಲ್ಲಿ ನಾಲ್ಕೇ ಕೈಗಳು ಇರುತ್ತವೆ; ಇಲ್ಲಿ ಅಜ್ಜ, ದೊಡ್ಡಪ್ಪ, ಸೋದರಮಾವ ಎಲ್ಲರ ಕೈಗಳೂ ಬರುತ್ತವೆ, ಬರಲೇಬೇಕು. ‘ಸ್ವಲ್ಪ ಕೈ ತೆಗೆಯಿರಿ, ಇನ್ನೊಮ್ಮೆ ಎರೆಯಿರಿ’ ಎಂದು ಭಟ್ಟರ ಮುಂದೆ ಹೇಳುವ ಹುಡುಗರನ್ನು ಕಂಡಿದ್ದೇನೆ. ಎರೆದದ್ದು ಎರೆದಾಯಿತು. ಇಳಿವಯಸ್ಸಿನ ಒಂದು ನಡುಗುವ ಕೈ ಫ್ರೇಮಿನೊಳಗೆ ಬಂದರೆ ಅದನ್ನು ಕತ್ತರಿಸಬೇಡಿ. ವರ್ಷಗಳ ಮೇಲೆ ಆ ಮನೆಯವರು ಆಲ್ಬಂ ತೆರೆದು ಹುಡುಕುವುದು ಆ ಕೈಯನ್ನು. ಕ್ರೈಸ್ತರಲ್ಲಿ ಮದುವೆಗೆ ಮೊದಲು ಮಾಡುವ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಸುರಿಯುವಾಗಲೂ ಇದೇ ಮಾತು.

ಮಾದರಿ ನೋಡಿ ತೆಗೆಯುವುದು ಕಳ್ಳತನವಲ್ಲವೇ ಎಂದು ಕೆಲವರು ಅಂಜುತ್ತಾರೆ. ಕೊಡೆ, ಸೂರ್ಯಾಸ್ತ, ಹಣೆಗೆ ಹಣೆ ತಾಗಿಸಿ ನಿಲ್ಲುವ ಭಂಗಿ, ಇವು ಯಾರ ಸೊತ್ತೂ ಅಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಮತ್ತು ಡಿಲಕ್ಸ್ ಫಿಲ್ಮ್ಸ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಮೈಮರೆಯಬೇಡಿ. ಇಂಗ್ಲೆಂಡಿನಲ್ಲಿ 2012ರಲ್ಲಿ ಒಂದು ತೀರ್ಪು ಬಂತು: ಕಪ್ಪು ಬಿಳುಪು ಲಂಡನ್ನಿನ ನಡುವೆ ಸೇತುವೆಯ ಮೇಲೆ ಕೆಂಪು ಬಸ್ಸೊಂದು ಇರುವ ಚಿತ್ರವನ್ನು ಹೋಲುವಂತೆ ಚಹಾ ಕಂಪನಿಯೊಂದು ಬೇರೆ ಫೋಟೊಗಳಿಂದ ತನ್ನದೇ ಚಿತ್ರ ಮಾಡಿಕೊಂಡಿತ್ತು, ನ್ಯಾಯಾಲಯ ಅದನ್ನು ಉಲ್ಲಂಘನೆ ಎಂದಿತು. ನಮ್ಮ ನ್ಯಾಯಾಲಯಗಳನ್ನು ಅದು ಕಟ್ಟಿಹಾಕುವುದಿಲ್ಲ, ಆದರೆ ಚೌಕಟ್ಟು, ಬಣ್ಣ, ಜಾಗ ಎಲ್ಲವನ್ನೂ ಹಾಗೆಯೇ ಎತ್ತಿ ನಿಮ್ಮ ಸ್ಟುಡಿಯೊದ ಜಾಹೀರಾತಿಗೆ ಹಾಕುವ ಮೊದಲು ಯೋಚಿಸಿ. ಬೇರೆಯವರು ತೆಗೆದ ಫೋಟೊವನ್ನೇ ನಿಮ್ಮ ಸ್ಯಾಂಪಲ್ ಆಲ್ಬಂನಲ್ಲಿ ಸೇರಿಸುವುದು ಮಾತ್ರ ಯೋಚಿಸುವ ವಿಷಯವೇ ಅಲ್ಲ; ಅದು ಶುದ್ಧ ಕಳ್ಳತನ.

ಇಷ್ಟು ಹೊತ್ತು ಬೇರೆಯವರ ಫೋಟೊ ಎಂದೆವಲ್ಲ, ಯಾರೂ ಕೇಳದ ಇನ್ನೊಂದು ವಿಷಯವಿದೆ: ನೀವು ತೆಗೆದ ಮದುವೆ ಫೋಟೊ ಯಾರದು? ‘ನಾನು ತೆಗೆದದ್ದು, ನನ್ನದು’ ಎನ್ನುತ್ತೀರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿ. ಹಣ ಕೊಟ್ಟು ಯಾರು ಫೋಟೊ ತೆಗೆಸುತ್ತಾರೋ, ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಹಕ್ಕು ಅವರದು. ತೆಗೆದವನೆಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ನಿಮಗೆ ಉಳಿಯುತ್ತದೆ, ಆದರೆ ಪಾರ್ಟಿಯವರನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಿ, ಆಮೇಲೆ ‘ನನ್ನ ಫೋಟೊ’ ಎಂದು ಜಗಳಕ್ಕೆ ನಿಂತರೆ ಕಾನೂನು ನಿಮ್ಮ ಕಡೆ ಇರುವುದಿಲ್ಲ. ಅಡ್ವಾನ್ಸ್ ಇಸಿದುಕೊಳ್ಳುವ ದಿನವೇ ಆರ್ಡರ್ ಫಾರ್ಮಿನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಒಂದು, ‘ನೀವು ಕೊಟ್ಟ ಚಿತ್ರಗಳು ಮಾದರಿ ಮಾತ್ರ, ಬೆಳಕು, ಜಾಗ, ಸಮಯಕ್ಕೆ ತಕ್ಕಂತೆ ಫೋಟೊ ಬೇರೆಯಾಗಿ ಬರುತ್ತದೆ’. ಎರಡು, ಯಾವ ಫೋಟೊಗಳನ್ನು ನೀವು ಪ್ರಚಾರಕ್ಕೆ ಬಳಸಬಹುದು, ಯಾವುದನ್ನು ಬಳಸಬಾರದು ಎಂಬುದು. ಕೆಳಗೆ ದುಡ್ಡು ಕೊಡುವ ಅಪ್ಪನ ಸಹಿಯ ಜೊತೆಗೆ ಮದುಮಗಳ ಸಹಿಯನ್ನೂ ಹಾಕಿಸಿಕೊಳ್ಳಿ, ಏಕೆಂದರೆ ಫೋಟೊ ಅಳಿಸಿ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವಳು ಅವಳೇ.