ಒಂದೇ 76, ಎರಡು ಪಾತ್ರ

ಮುಂಬೈ ಬಳಿಯ ಡೊಂಬಿವಲಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಲ್ಯಾಬ್‌ನಲ್ಲಿ "ಸರ್, ಕಿಟ್ ಕೆಟ್ಟಿದೆ" ಎಂದಳು. ಮನೆಮಾತು ಕನ್ನಡ, ಹಾಗಾಗಿ ದೂರೂ ಕನ್ನಡದಲ್ಲೇ. 8085 ಎಂಬ ಹಳೆಯ ಪ್ರೊಸೆಸರ್ ಚಿಪ್ಪಿನ ಕಲಿಕೆಯ ಕಿಟ್‌ನಲ್ಲಿ, ಮೆಮೊರಿಯ 2000ನೇ ವಿಳಾಸದಿಂದ ಅವಳು ತುಂಬಿದ್ದು ಮೂರೇ ಬೈಟು: 3ಇ, 76, 76 (ಎಲ್ಲವೂ ಹದಿನಾರರ ಎಣಿಕೆಯಲ್ಲಿ, ಅಂದರೆ ಹೆಕ್ಸ್‌ನಲ್ಲಿ). 'ಎ' ರಿಜಿಸ್ಟರಿಗೆ, ಅಂದರೆ ಚಿಪ್ಪಿನೊಳಗಿನ ಒಂದು ಪುಟ್ಟ ಖಾನೆಗೆ, 76 ಬಂದು ಯಂತ್ರ ನಿಲ್ಲಬೇಕಿತ್ತು. ನಿಂತಿದ್ದೇನೋ ನಿಂತಿತು, 'ಎ'ಯಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಕೂತಿತ್ತು.

ಕಿಟ್‌ಗೆ ಏನೂ ಆಗಿರಲಿಲ್ಲ. ಅವಳು ಓಡಿಸಿದ್ದು 2001ರಿಂದ.

ಈ ಬೈಟುಗಳನ್ನು ಒಂದೊಂದಾಗಿ ತರಿಸಿ ಕೆಲಸಕ್ಕೆ ಹಚ್ಚುವ ಭಾಗವೇ ಕಂಟ್ರೋಲ್ ಯೂನಿಟ್. ಅದೆಂದರೆ ಕಂಪ್ಯೂಟರಿನ ಮೆದುಳು ಅಂತ ಗೈಡುಗಳು ಬರೆಯುತ್ತವೆ. ಪರೀಕ್ಷೆಯಲ್ಲಿ ಮಾರ್ಕೂ ಸಿಗುತ್ತದೆ. ನನಗಂತೂ ಅದು ಮುಂಬೈ ಲೋಕಲ್ ರೈಲಿನ ಹಳಿ ಕವಲೊಡೆಯುವ ಕಲ್ಯಾಣ್ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್. ಲೋಕಲ್ಲು ಕಸಾರಾಕ್ಕೋ ಕರ್ಜತ್‌ಗೋ ಎಂದು ಹಳಿ ಕೂಡಿಸಿ ದೀಪ ಬದಲಿಸುವುದಷ್ಟೇ ಅದರ ಕೆಲಸ. ಡಬ್ಬಿಯೊಳಗೆ ಯಾರಿದ್ದಾರೆ ಎಂಬುದು ಅದಕ್ಕೆ ಬೇಡ.

3ಇ ಓದುವಾಗ ಏನಾಗುತ್ತದೆ ನೋಡಿ. ಮುಂದೆ ಓದಬೇಕಾದ ವಿಳಾಸವನ್ನು ಇಟ್ಟುಕೊಳ್ಳುವ ಪ್ರೋಗ್ರಾಂ ಕೌಂಟರಿನಲ್ಲಿದ್ದ 2000 ವಿಳಾಸದ ತಂತಿಗಳ ಮೇಲೆ ಬರುತ್ತದೆ, ಓದುವ ಸಿಗ್ನಲ್ ಬೀಳುತ್ತದೆ, ಕೌಂಟರ್ 2001ಕ್ಕೆ ಸರಿಯುತ್ತದೆ. ಮೆಮೊರಿಯಿಂದ ಬಂದ ಬೈಟು ಇನ್‌ಸ್ಟ್ರಕ್ಷನ್ ರಿಜಿಸ್ಟರಿಗೆ ಇಳಿದು, ಡಿಕೋಡರ್ ಅದನ್ನು ಬಿಡಿಸುತ್ತದೆ. ಇಷ್ಟಕ್ಕೆ ಗಡಿಯಾರದ 4 ಬಡಿತ. 'ಮುಂದಿನ ಬೈಟನ್ನು ಎ ರಿಜಿಸ್ಟರಿಗೆ ಹಾಕು' ಎಂಬುದು 3ಇ ಅರ್ಥ. ಆದ್ದರಿಂದ ಇನ್ನೂ 3 ಬಡಿತಗಳಲ್ಲಿ ಎರಡನೇ ಬೈಟು ಬರುತ್ತದೆ, ಈ ಸಲ ಇನ್‌ಸ್ಟ್ರಕ್ಷನ್ ರಿಜಿಸ್ಟರಿನ ಬದಲು 'ಎ'ಯ ಬಾಗಿಲು ತೆರೆದಿರುತ್ತದೆ. 3 ಮೆಗಾಹರ್ಟ್ಸ್‌ನಲ್ಲಿ ಒಟ್ಟು 7 ಬಡಿತಕ್ಕೆ ಸುಮಾರು 2.3 ಮೈಕ್ರೊಸೆಕೆಂಡ್.

ಎರಡನೇ ಬೈಟಾಗಿ ಬಂದ 76 ಬರೀ ಸಂಖ್ಯೆ. ಅದೇ 76 ಮೊದಲ ಬೈಟಾಗಿ ಬಂದರೆ 'ನಿಲ್ಲು' ಎಂಬ ಆದೇಶ. ಬೈಟಿನ ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಯಾವ ಸರದಿಯಲ್ಲಿ ಬಂತು ಎಂಬುದೇ ಲೆಕ್ಕ. 2001ರಿಂದ ಹೊರಟವಳಿಗೆ ಮೊದಲು ಎದುರಾದದ್ದೇ 'ನಿಲ್ಲು'.

ಯಾವ ಆದೇಶಕ್ಕೆ ಯಾವ ಬಾಗಿಲು ಎಂಬುದು 8085ರಲ್ಲಿ ಸಿಲಿಕಾನಿನಲ್ಲೇ ಖಾಯಂ. ಆ ಪಟ್ಟಿಯನ್ನೇ ಒಂದು ಪುಟ್ಟ ಪ್ರೋಗ್ರಾಮಿನ ಹಾಗೆ ಬರೆದಿಡಬಹುದು ಎಂದು ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1951ರಲ್ಲೇ ಹೇಳಿದ್ದರು. ಅದೇ ಮೈಕ್ರೊಕೋಡ್. 2018ರಲ್ಲಿ ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದಾಗ ಲ್ಯಾಪ್‌ಟಾಪುಗಳಿಗೆ ಬಂದ ತೇಪೆಗಳಲ್ಲಿ ಕೆಲವು ಈ ಪಟ್ಟಿಗೇ ಬಿದ್ದವು. ಚಿಪ್ ಆ ತೇಪೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಅಥವಾ ಆಪರೇಟಿಂಗ್ ಸಿಸ್ಟಮ್ ಅದನ್ನು ಮತ್ತೆ ತುಂಬುತ್ತದೆ.