ಬಾರದ ಕೋರೆಹಲ್ಲು: ಹುಡುಕುವುದು ಹೇಗೆ, ಇಳಿಸುವುದು ಹೇಗೆ

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಡೆಂಟಲ್ ಇಂಟರ್ನ್‌ಶಿಪ್ ದಿನಗಳಲ್ಲಿ ಕುಷ್ಟಗಿ ಕಡೆಯ ಒಂದು ಶಾಲೆಯಲ್ಲಿ ತಪಾಸಣೆ ಕ್ಯಾಂಪ್ ಇತ್ತು. 12 ವರ್ಷದ ಹುಡುಗಿ. ಮೇಲಿನ ಸಾಲು ಎಣಿಸಿದೆ, ಲೆಕ್ಕ ಸರಿ ಇತ್ತು. ಹುಳುಕಿಲ್ಲ. 'ಎಲ್ಲ ಸರಿ' ಎಂದು ಕಾರ್ಡಿನಲ್ಲಿ ಬರೆದೆ. ಅಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅವಳ ಅವ್ವ ಕೈ ಒರೆಸಿಕೊಳ್ಳುತ್ತಾ ಬಂದರು. "ಈ ಹಾಲಹಲ್ಲು ಇನ್ನಾ ಬಿದ್ದಿಲ್ರೀ ಡಾಕ್ಟ್ರ. ಗಟ್ಟಿ ಐತಿ. ಚಲೋನ ಅಲ್ಲೇನ್ರೀ?"

ಮತ್ತೆ ನೋಡಿದೆ. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹುಡುಗಿಯ ಹಲ್ಲುಗಳ ಮೇಲೆಲ್ಲ ಕಂದು ಕಲೆ. ಎಡಗಡೆಯ ಕೋರೆ ಒಂದೇ ಬೆಳ್ಳಗಿತ್ತು, ಚಿಕ್ಕದಾಗಿತ್ತು, ತುದಿ ಸವೆದಿತ್ತು. ಹಾಲುಹಲ್ಲಿಗೆ ಫ್ಲೋರೈಡ್ ಕಲೆ ಅಷ್ಟಾಗಿ ಹಿಡಿಯುವುದಿಲ್ಲ, ಅಲ್ವಾ? ಬಲಗಡೆ ಶಾಶ್ವತ ಕೋರೆ ಪೂರ್ತಿ ಇಳಿದಿತ್ತು. ಎಡಗಡೆಯದು ಎಲ್ಲೋ ಮೂಳೆಯೊಳಗೆ ಕೂತಿತ್ತು. ಅವ್ವನಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಬುದ್ಧಿಹಲ್ಲು ಬಿಟ್ಟರೆ ಹೀಗೆ ಸಿಕ್ಕಿಹಾಕಿಕೊಳ್ಳುವುದರಲ್ಲಿ ಮೇಲಿನ ಕೋರೆಯೇ ಮುಂದು. ನೂರು ಜನರಲ್ಲಿ ಒಬ್ಬಿಬ್ಬರಿಗೆ, ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಸುಮಾರು ಎರಡು ಪಟ್ಟು. ಇದು ಹುಟ್ಟುವುದು ಮೂಗಿನ ಪಕ್ಕದಲ್ಲಿ, ತುಂಬಾ ಮೇಲೆ. 11-12 ವರ್ಷಕ್ಕೆ ಬಾಯಿಗೆ ಬರುವಷ್ಟರಲ್ಲಿ ಉದ್ದ ದಾರಿ ನಡೆದಿರುತ್ತದೆ. ಆ ದಾರಿಯಲ್ಲಿ ಪಕ್ಕದ ಬಾಚಿಹಲ್ಲಿನ ಬೇರನ್ನು ಹಿಡಿದುಕೊಂಡು ಇಳಿಯುತ್ತದೆ. ಆ ಬಾಚಿಹಲ್ಲು ತೀರಾ ಸಣ್ಣದಿದ್ದರೆ ಅಥವಾ ಇಲ್ಲದೇ ಇದ್ದರೆ ಕೋರೆ ದಾರಿ ತಪ್ಪುತ್ತದೆ. ಇದು ಗೈಡೆನ್ಸ್ ಸಿದ್ಧಾಂತ. ಇದೆಲ್ಲ ವಂಶವಾಹಿಯಲ್ಲೇ ಇರುತ್ತದೆ ಎನ್ನುವವರೂ ಇದ್ದಾರೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎರಡನ್ನೂ ಹೇಳಿಬಿಡಿ.

ಹುಡುಕಲು ಮೊದಲ ಸಾಧನ ಬೆರಳು. ಮಗುವಿಗೆ 9-10 ವರ್ಷವಾದಾಗ ತುಟಿ ಎತ್ತಿ, ಹಾಲಿನ ಕೋರೆಯ ಮೇಲ್ಭಾಗದ ಒಸಡಿನ ಮೇಲೆ ತೋರುಬೆರಳು ಆಡಿಸಿ. ಎರಡೂ ಕಡೆ ಉಬ್ಬು ಸಿಗಬೇಕು. ಒಂದು ಕಡೆ ಮಾತ್ರ ಸಿಕ್ಕರೆ ಅನುಮಾನ ಪಡಿ. ಅಂಗುಳವನ್ನೂ ಮುಟ್ಟಿ ನೋಡಿ. ಹಾಲಿನ ಕೋರೆ ಅಲ್ಲಾಡುತ್ತದಾ, ಪಕ್ಕದ ಬಾಚಿಹಲ್ಲು ವಾಲಿದೆಯಾ, ಇವನ್ನೂ ಗಮನಿಸಿ. ಅರ್ಧ ನಿಮಿಷದ ಕೆಲಸ. ಆದರೂ ನಾವೆಲ್ಲ ಕನ್ನಡಿ ಹಿಡಿದು ಹುಳುಕನ್ನಷ್ಟೇ ಹುಡುಕುತ್ತೇವೆ.

ಮುಂದಿನದು ಎಕ್ಸ್‌ರೇ. ಹಲ್ಲು ತುಟಿ ಕಡೆ ಇದೆಯೋ ಅಂಗುಳ ಕಡೆ ಇದೆಯೋ ಒಂದೇ ಫಿಲ್ಮ್‌ನಲ್ಲಿ ನಂಬಿಕೆಯಿಂದ ಹೇಳಲಾಗದು. ಎಕ್ಸ್‌ರೇ ಹೊರಡುವ ಟ್ಯೂಬ್ ಸರಿಸಿ ಎರಡು ಫಿಲ್ಮ್ ಬೇಕು. 'ಸೇಮ್ ಲಿಂಗ್ವಲ್, ಆಪೋಸಿಟ್ ಬಕ್ಕಲ್' (ಟ್ಯೂಬ್ ಸರಿದ ಕಡೆಗೇ ಸರಿದರೆ ಒಳಗಡೆ, ಎದುರು ದಿಕ್ಕಿಗೆ ಸರಿದರೆ ಹೊರಗಡೆ) ಎಂಬ ಸೂತ್ರವನ್ನು ಎಲ್ಲರೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಉಲ್ಟಾ ಬರೆಯುತ್ತಾರೆ. ನಾನೂ ಬರೆದಿದ್ದೆ. ಬಳ್ಳಾರಿಯಿಂದ ಹೊಸಪೇಟೆಗೆ ರೈಲಿನಲ್ಲಿ ಹೋಗುವಾಗ ಅದು ತಲೆಗೆ ಹೋಯಿತು. ಕಿಟಕಿಯಲ್ಲಿ ನೋಡಿ: ಹತ್ತಿರದ ಕರೆಂಟ್ ಕಂಬಗಳು ಹಿಂದಕ್ಕೆ ಓಡುತ್ತವೆ, ದೂರದ ಸಂಡೂರು ಗುಡ್ಡ ನಿಮ್ಮ ಜೊತೆಗೇ ಬರುತ್ತದೆ. ರೈಲಿನಲ್ಲಿ ಕೂತ ನೀವೇ ಟ್ಯೂಬ್. ತುಟಿ ಕಡೆಯದು ಕಂಬ, ಅಂಗುಳ ಕಡೆಯದು ಗುಡ್ಡ. ಟ್ಯೂಬ್ ಸರಿದ ದಿಕ್ಕಿಗೇ ಕೋರೆ ಸರಿದಂತೆ ಕಂಡರೆ ಅದು ಅಂಗುಳದಲ್ಲಿದೆ.

ಒಪಿಜಿ (ಇಡೀ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ಜೊತೆಗೆ, ಹಲ್ಲುಗಳ ನಡುವೆ ಕಚ್ಚಿಹಿಡಿಸಿ ತೆಗೆಯುವ ಆಕ್ಲೂಸಲ್ ಫಿಲ್ಮ್ ಇದ್ದರೆ ಇದನ್ನೇ ಮೇಲೆ-ಕೆಳಗೆ ಲೆಕ್ಕ ಹಾಕಿ. ಆಕ್ಲೂಸಲ್‌ನಲ್ಲಿ ಟ್ಯೂಬ್ ಮೇಲೇರಿರುತ್ತದೆ. ಕೋರೆಯೂ ಬಾಚಿಹಲ್ಲಿನ ಬೇರಿಗಿಂತ ಮೇಲಕ್ಕೆ ಹೋದಂತೆ ಕಂಡರೆ ಮತ್ತೆ ಅಂಗುಳವೇ. ಸಿಬಿಸಿಟಿ (ಮೂರು ಆಯಾಮದ ಸ್ಕ್ಯಾನ್) ಎಲ್ಲರಿಗೂ ಬರೆಯಬೇಡಿ. ಬಾಚಿಹಲ್ಲಿನ ಬೇರು ಕರಗುತ್ತಿದೆ ಎಂಬ ಸಂಶಯವಿದ್ದಾಗ ಅದು ಬೇಕೇ ಬೇಕು. ಬೇರು ಮುಂದೆ ಅಥವಾ ಹಿಂದೆ ಸವೆದರೆ ಸಾದಾ ಫಿಲ್ಮ್‌ನಲ್ಲಿ ಅಡಗಿಬಿಡುತ್ತದೆ.

ಇನ್ನು ಚಿಕಿತ್ಸೆ. 10ರಿಂದ 13 ವರ್ಷದೊಳಗೆ, ಕೋರೆ ಅಂಗುಳದ ಕಡೆ ಇದ್ದು, ಸಾಲಿನಲ್ಲಿ ಜಾಗವಿದ್ದರೆ ಹಾಲಿನ ಕೋರೆಯನ್ನು ತೆಗೆಯುವುದು ಮೊದಲ ಹೆಜ್ಜೆ. ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಇದನ್ನು ತೋರಿಸಿದರು: 46 ಕೋರೆಗಳಲ್ಲಿ 36 ಸರಿದಾರಿಗೆ ಬಂದವು. ಕೋರೆಯ ತುದಿ ಬಾಚಿಹಲ್ಲಿನ ಬೇರಿನ ನಡುಗೆರೆಯನ್ನು ದಾಟದಿದ್ದರೆ ಹೀಗೆ ಸರಿಹೋದದ್ದು 91%, ದಾಟಿದ್ದರೆ 64%. ಒಂದು ವರ್ಷದಲ್ಲಿ ಸುಧಾರಿಸದಿದ್ದರೆ ಬೇರೆ ದಾರಿ.

ಆ ಬೇರೆ ದಾರಿ ಎಂದರೆ ಒಸಡು ಬಿಡಿಸಿ ಹಲ್ಲು ತೋರಿಸಿ, ತಂತಿಯಿಂದ ಎಳೆಯುವುದು. ಮೊದಲು ಬ್ರೇಸಸ್‌ನಲ್ಲಿ ಜಾಗ ಮಾಡಿಕೊಳ್ಳಬೇಕು. ಓಪನ್ ವಿಧಾನದಲ್ಲಿ ಹಲ್ಲು ಬಾಯಿಗೆ ತೆರೆದೇ ಇರುತ್ತದೆ. ಕ್ಲೋಸ್ಡ್‌ನಲ್ಲಿ ಸಣ್ಣ ಚೈನ್ ಅಂಟಿಸಿ ಒಸಡನ್ನು ಮತ್ತೆ ಹೊಲಿಯುತ್ತಾರೆ. ಇಲ್ಲಿ ಮತ್ತೆ ನಮ್ಮ ಬೋರ್‌ವೆಲ್ ನೀರು ಅಡ್ಡ ಬರುತ್ತದೆ. ಹಲ್ಲಿಗೆ ಏನನ್ನೇ ಅಂಟಿಸುವ ಮೊದಲು ಅದರ ಹೊರಪದರವಾದ ಎನಾಮಲ್ ಅನ್ನು ಆಸಿಡ್ ಹಚ್ಚಿ ಒರಟು ಮಾಡಬೇಕು, ಇದೇ ಎಚ್ಚಿಂಗ್. ಫ್ಲೋರೈಡ್ ಹಿಡಿದ ಎನಾಮಲ್‌ಗೆ ಆಸಿಡ್ ಬೇಗ ಕಚ್ಚುವುದಿಲ್ಲ. ಎಚ್ಚಿಂಗ್‌ಗೆ ಹೆಚ್ಚು ಸಮಯ ಬೇಕು, ಮೇಲಾಗಿ ಸುತ್ತ ರಕ್ತ ಜಿನುಗುತ್ತಿರುತ್ತದೆ. ಒಸಡಿನೊಳಗೆ ಚೈನ್ ಕಿತ್ತುಬಂದರೆ ಮತ್ತೆ ಕೊಯ್ಯಬೇಕು. ಹಾಗಾಗಿ ಅಂಗುಳದ ಕೋರೆಗೆ, ನಮ್ಮ ಕಡೆಯ ಮಕ್ಕಳಲ್ಲಿ, ನನ್ನ ಮನಸ್ಸು ಓಪನ್ ಕಡೆಗೇ ವಾಲುತ್ತದೆ. ಬಿಟ್ಟುಹೋದರೂ ಸುಮ್ನೆ ಮತ್ತೆ ಅಂಟಿಸಬಹುದು.

ತುಟಿ ಕಡೆಯ ಕೋರೆಯ ಲೆಕ್ಕ ಬೇರೆ. ಅಲ್ಲಿ ಗಟ್ಟಿ ಒಸಡನ್ನು ಕತ್ತರಿಸಿ ಬಿಸಾಡಿದರೆ ಮುಂದೆ ಹಲ್ಲಿನ ಮೇಲೆ ಒಸಡು ನಿಲ್ಲುವುದಿಲ್ಲ. ಅದನ್ನು ಮೇಲಕ್ಕೆ ಸರಿಸಿ ಹೊಲಿಯಬೇಕು, ಇಲ್ಲವೇ ಕ್ಲೋಸ್ಡ್ ಮಾಡಬೇಕು. ಎಳೆಯುವ ಬಲ ಹಗುರವಿರಲಿ, 60 ಗ್ರಾಂ ದಾಟಬೇಡಿ. ಮೊದಲು ಬಾಚಿಹಲ್ಲಿನ ಬೇರಿನಿಂದ ದೂರ ಎಳೆಯಿರಿ, ಆಮೇಲೆ ಸಾಲಿಗೆ.

ದೊಡ್ಡವರಲ್ಲಿ ಹಲ್ಲು ಮೂಳೆಗೆ ಅಂಟಿಕೊಂಡಿದ್ದರೆ ಎಳೆದರೂ ಬಾರದು. ಆಗ ತೆಗೆಯುವುದು, ಕಿತ್ತು ಸರಿಯಾದ ಜಾಗದಲ್ಲಿ ನೆಡುವುದು, ಅಥವಾ ತೊಂದರೆಯಿಲ್ಲದಿದ್ದರೆ ಆಗಾಗ ಎಕ್ಸ್‌ರೇ ನೋಡುತ್ತಾ ಬಿಡುವುದು.

ಆ ಹುಡುಗಿಯದು ಅಂಗುಳದ ಕೋರೆ, ನಡುಗೆರೆ ದಾಟಿರಲಿಲ್ಲ. ಗಟ್ಟಿ ಇರುವ ಹಲ್ಲು ಕೀಳಲು ಅವ್ವನನ್ನು ಒಪ್ಪಿಸಲು ಎರಡು ಸಲ ಮಾತಾಡಬೇಕಾಯಿತು. ಆರು ತಿಂಗಳ ಫಿಲ್ಮ್‌ನಲ್ಲಿ ಕೋರೆ ಒಂದಿಷ್ಟು ನೆಟ್ಟಗಾಗಿ ಕೆಳಗಿಳಿದಿತ್ತು. ಮುಂದಿನ ಫಿಲ್ಮ್ ತೆಗೆಯುವ ಹೊತ್ತಿಗೆ ನನ್ನ ಇಂಟರ್ನ್‌ಶಿಪ್ ಮುಗಿದಿತ್ತು.